ಮೂಸಿ ನೋಡಿದ್ಯಾ?

ನ್ಯೂಯಾರ್ಕಿನ ಕ್ವೀನ್ಸಿಗೆ ಬಂದ ಎರಡನೆಯ ವಸಂತದಲ್ಲಿ ಮನೆ ಹತ್ತಿರದ ಪಾರ್ಕಿನಲ್ಲಿ ನನಗೆ ಒಂದೆಲಗ ಕಂಡಿತು. ಮೇಪಲ್ ಮರದ ಬುಡದ ತಂಪಿನಲ್ಲಿ, ಹುಲ್ಲಿನ ಸಂದಿಯಲ್ಲಿ ಹಬ್ಬಿಕೊಂಡಿತ್ತು. ದುಂಡನೆಯ ಎಲೆ, ಅಂಚಿಗೆ ಸಣ್ಣ ಸಣ್ಣ ಕಚ್ಚು. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಬಸಿಗಾಲುವೆ ಪಕ್ಕದಲ್ಲಿ ಹೇಗಿರುತ್ತಿತ್ತೋ ಹಾಗೇ. ಆ ಹೊತ್ತಿಗೆ ತಂಬುಳಿ ಉಂಡು ಒಂದೂವರೆ ವರ್ಷವಾಗಿತ್ತು. ಹಿಂದೆ ಮುಂದೆ ನೋಡದೆ ಎರಡು ಮುಷ್ಟಿ ಕಿತ್ತು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು ಮನೆಗೆ ಬಂದೆ. ಜೀರಿಗೆ, ಕಾಳುಮೆಣಸು ಹುರಿದಾಯಿತು, ಕಾಯಿತುರಿ ತೆಗೆದಿಟ್ಟಾಯಿತು. ಮಿಕ್ಸಿಗೆ ಹಾಕುವ ಮುಂಚೆ ಸ್ವಲ್ಪ ಜಂಬ ಕೊಚ್ಚೋಣ ಎಂದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

ಅಮ್ಮ ಎಲೆ ನೋಡಿ ಹೊಗಳಲಿಲ್ಲ. "ಮೂಸಿ ನೋಡಿದ್ಯಾ?" ಅಂದಳು.

ಇಲ್ಲ, ನೋಡಿರಲಿಲ್ಲ.

"ದಂಟನ್ನ ಎರಡು ಬೆರಳ ಮಧ್ಯ ಇಟ್ಟು ಉರುಳಿಸು. ಉರುಟು ಉಂಟಾ, ಮೂಲೆ ಸಿಗ್ತದಾ?"

ಉರುಳಲಿಲ್ಲ. ನಾಲ್ಕು ಮೂಲೆ ಬೆರಳಿಗೆ ಚೆನ್ನಾಗಿಯೇ ಸಿಕ್ಕವು. ಮೂಸಿದರೆ ಪುದೀನಕ್ಕೂ ಹಸಿ ಮಣ್ಣಿಗೂ ಮದುವೆ ಮಾಡಿಸಿದ ಹಾಗೆ ಒಂದು ಗಾಟು. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಕೂತಿದ್ದವು. ಅಮ್ಮ ತೀರ್ಪು ಕೊಟ್ಟಳು: "ತುಳಸಿ, ಪುದೀನದ ಪೈಕಿ ಎಂತದೋ ಅದು. ಒಂದೆಲಗ ಅಲ್ಲ. ಆಚೆ ಹಾಕು."

ಅದು ಗ್ರೌಂಡ್ ಐವಿ ಎಂಬ ಗಿಡ ಎಂದು ಆಮೇಲೆ ಗೊತ್ತಾಯಿತು. ಯೂರೋಪಿನಿಂದ ವಲಸೆ ಬಂದವರ ಜೊತೆ ಬಂದದ್ದು. ಬಿಯರಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕುವ ರೂಢಿ ಬರುವ ಮುಂಚೆ ಇಂಗ್ಲೆಂಡಿನಲ್ಲಿ ಇದನ್ನೇ ಹಾಕುತ್ತಿದ್ದರಂತೆ. ತಿಂದಿದ್ದರೆ ಪ್ರಾಣವೇನೂ ಹೋಗುತ್ತಿರಲಿಲ್ಲ, ತಂಬುಳಿಯ ಮಾನ ಹೋಗುತ್ತಿತ್ತು. ಮತ್ತೆ, ಅದು ಪುದೀನ, ತುಳಸಿಗಳ ಕುಟುಂಬಕ್ಕೇ ಸೇರಿದ್ದು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಜನ್ಮದಲ್ಲಿ ಕಾಣದ ಗಿಡದ ಕುಲವನ್ನು 13,000 ಕಿಲೋಮೀಟರ್ ದೂರದಿಂದ, ನೆಟ್ಟಗೆ ಬೆಳಕಿಲ್ಲದ ಫೋನಿನಲ್ಲಿ ಸರಿಯಾಗಿ ಹೇಳಿದ್ದಳು. ಸಸ್ಯಶಾಸ್ತ್ರದಲ್ಲಿ 80ರ ಮೇಲೆ ಅಂಕ ತೆಗೆದು ಪಿಯುಸಿ ದಾಟಿದ ನಾನು ಎಲೆಯ ಆಕಾರ ನೋಡಿ ಮೋಸಹೋಗಿದ್ದೆ. ಚೌಕ ದಂಟು ಅಂದರೆ ಲೇಬಿಯೇಟೇ, ಅಂದರೆ ಪುದೀನದ ಕುಟುಂಬ, ಎಂದು ಪರೀಕ್ಷೆಯಲ್ಲಿ ಬರೆದವನೂ ನಾನೇ.

ಇದಾಗಿ ಹನ್ನೆರಡು ವರ್ಷ ಕಳೆದಿದೆ. ಆಮೇಲೆ ಇಲ್ಲಿನ ಪಾರ್ಕುಗಳಲ್ಲಿ ಗಿಡ ಗುರುತಿಸುವ ನಡಿಗೆಗಳಿಗೆ ಹೋಗುವ ಚಟ ಹತ್ತಿತು. ಊರಿಗೆ ಬಂದಾಗಲೂ ಪಾರ್ಕು ಕಂಡರೆ ನುಗ್ಗುತ್ತೇನೆ. ಜನಕ್ಕೆ ಉಪಯೋಗದ ಗಿಡಗಳ ಗುರುತು ಹೇಗೆ ಹಿಡಿಸಬೇಕು ಎಂಬುದರಲ್ಲಿ ಎರಡು ದೇಶಗಳೂ ಬೇರೆ ಬೇರೆ ರೀತಿಯಲ್ಲಿ ಎಡವಿವೆ ಅನ್ನುವುದು ನನ್ನ ಅನಿಸಿಕೆ. ನಮ್ಮ ಎಡವಟ್ಟು ನನಗೆ ಹೆಚ್ಚು ಸಂಕಟ ಕೊಡುತ್ತದೆ, ಯಾಕೆಂದರೆ ಗಿಡ ಬಲ್ಲವರು ಅಲ್ಲಿ ಇನ್ನೂ ಇದ್ದಾರೆ.

ಹೋದ ಸಲ ರಜೆಗೆ ಬಂದಾಗ ಒಂದು ಊರಿನ ಉದ್ಯಾನಕ್ಕೆ ಹೋಗಿದ್ದೆ, ಹೆಸರು ಬೇಡ. ಗೇಟಿನ ಬಲಕ್ಕೆ 'ಔಷಧಿವನ' ಎಂದು ಕಮಾನು. ಒಳಗೆ ಸಿಮೆಂಟಿನ ಅಂಚು ಕಟ್ಟಿದ ಮಡಿಗಳು, ಮಡಿಗೊಂದು ಹಸಿರು ಬಣ್ಣದ ತಗಡಿನ ಬೋರ್ಡು. ಬೋರ್ಡಿನ ಮೇಲೆ ಕನ್ನಡದ ಹೆಸರು, ಲ್ಯಾಟಿನ್ ಹೆಸರು, ಅದರ ಕೆಳಗೆ 'ಉಪಯೋಗಗಳು': ಮಧುಮೇಹ, ಮೂಲವ್ಯಾಧಿ, ಕಾಮಾಲೆ, ಚರ್ಮರೋಗ, ಜ್ಞಾಪಕಶಕ್ತಿ. ಹತ್ತು ಬೋರ್ಡು ಓದುವಷ್ಟರಲ್ಲಿ ಇಷ್ಟೆಲ್ಲ ಗಿಡ ಇಟ್ಟುಕೊಂಡು ನಾವು ಸಾಯುವುದಾದರೂ ಯಾಕೆ ಅನ್ನಿಸಿತು.

'ಒಂದೆಲಗ' ಎಂಬ ಬೋರ್ಡಿನ ಹಿಂದೆ ಇದ್ದದ್ದು ಕಾಂಗ್ರೆಸ್ ಗಿಡ. ಒಂದೆಲಗಕ್ಕೆ ನೀರು ಬೇಕು, ಮಡಿ ಒಣಗಿತ್ತು. ಅದು ತನ್ನ ಪಾಡಿಗೆ ಬಳ್ಳಿ ಬಿಟ್ಟುಕೊಂಡು ನಲ್ಲಿ ಸೋರುವ ಜಾಗಕ್ಕೆ, ಅಂದರೆ ಶೌಚಾಲಯದ ಹಿಂದಕ್ಕೆ ಹೋಗಿ ಸೊಂಪಾಗಿ ಬೆಳೆದಿತ್ತು. ಬೋರ್ಡು ನೆಟ್ಟಲ್ಲೇ ಇತ್ತು, ಗಿಡ ಮನೆ ಬದಲಾಯಿಸಿತ್ತು. ಮರಕ್ಕಾದರೆ ಮೊಳೆ ಹೊಡೆದು ಹೆಸರು ತೂಗುಹಾಕಬಹುದು (ಹೊಡೆಯಬಾರದು, ಅದು ಬೇರೆ ಮಾತು). ಮಳೆಗೆ ಹುಟ್ಟಿ ಬೇಸಿಗೆಗೆ ಸಾಯುವ ಸೊಪ್ಪಿಗೆ, ಹರಿದಾಡುವ ಬಳ್ಳಿಗೆ ತಗಡಿನ ವಿಳಾಸ ಕೊಟ್ಟರೆ ಹೀಗೇ ಆಗುವುದು.

ಇನ್ನೊಂದು ಬೋರ್ಡಿನಲ್ಲಿ 'ಅಶೋಕ' ಎಂದಿತ್ತು. ಗರ್ಭಕೋಶದ ತೊಂದರೆಗಳಿಗೆ ತೊಗಟೆ ಉಪಯುಕ್ತ ಎಂದೂ ಇತ್ತು. ಹಿಂದೆ ನಿಂತಿದ್ದದ್ದು ಆಫೀಸು, ಕಾಲೇಜುಗಳ ಕಾಂಪೌಂಡಿನಲ್ಲಿ ಪೊಲೀಸರ ಹಾಗೆ ಸಾಲಾಗಿ ನಿಲ್ಲುವ ಆ ಕಂಬದಂಥ ಮರ. ಎಲ್ಲರೂ ಅದನ್ನೇ ಅಶೋಕ ಅನ್ನುತ್ತಾರೆ, ನಾನೂ ಇಪ್ಪತ್ತು ವರ್ಷ ಅಂದಿದ್ದೇನೆ. ಔಷಧಿಯ ಅಶೋಕ, ಸೀತೆಯ ಅಶೋಕ, ಬೇರೆ. ಅದರ ಚಿಗುರು ತಾಮ್ರದ ಬಣ್ಣದ ಗೊಂಚಲಾಗಿ ಜೋತುಬೀಳುತ್ತದೆ, ಹೂವು ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತ ಕೊಂಬೆಗೇ ಅಂಟಿಕೊಂಡಂತೆ ಬಿಡುತ್ತದೆ. ಕಂಬದ ಮರದ ಹೂವು ಎಲೆಯ ಬಣ್ಣದ್ದೇ, ಹುಡುಕಿದರೆ ಮಾತ್ರ ಕಾಣುವ ನಕ್ಷತ್ರ. ಮೂಲಿಕೆ ವ್ಯಾಪಾರದಲ್ಲಿ ಒಂದರ ತೊಗಟೆಗೆ ಇನ್ನೊಂದರ ತೊಗಟೆ ಬೆರೆಸುವುದು ಹಳೆಯ ದಂಧೆ. ಪಾರ್ಕಿನ ಬೋರ್ಡು ಆ ದಂಧೆಗೆ ಸರ್ಕಾರಿ ಮುದ್ರೆ ಒತ್ತಿಕೊಟ್ಟಂತಿತ್ತು.

ಮುಂದೆ ಹೋದರೆ ಹೊಳೆಮತ್ತಿ ಮರ. ಬೋರ್ಡಿನಲ್ಲಿ 'ಹೃದ್ರೋಗಕ್ಕೆ ಉತ್ತಮ' ಎಂದಿತ್ತು. ಮರದ ತೊಗಟೆ ಮೊಣಕಾಲಿನಿಂದ ಎದೆಯೆತ್ತರದವರೆಗೆ ಸುಲಿದುಹೋಗಿತ್ತು. ಉಪಯೋಗ ಬರೆದವರು, ಎಷ್ಟು, ಹೇಗೆ, ಯಾರು ತೆಗೆಯಬೇಕು, ತೆಗೆಯಬೇಕೋ ಬೇಡವೋ ಒಂದನ್ನೂ ಬರೆದಿರಲಿಲ್ಲ. ವಾಕಿಂಗಿಗೆ ಬಂದ ಹೃದ್ರೋಗಿಗಳು ತಮಗೆ ತೋಚಿದಂತೆ ಚಾಕು ಹಾಕಿದ್ದರು.

ಈಗ ಇತ್ತಲಿನ ಕಥೆ. ನಾನು ಮೊದಲು ಹೋದ ಗಿಡದ ನಡಿಗೆ ಒಂದು ಭಾನುವಾರ ಬೆಳಗ್ಗೆ ಇತ್ತು, ಹದಿನೈದು ಜನ. ಕರೆದುಕೊಂಡು ಹೋದ ಹೆಂಗಸಿಗೆ ಅರವತ್ತೈದಾದರೂ ಆಗಿರಬೇಕು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಮೊದಲ ಇಪ್ಪತ್ತು ನಿಮಿಷ ಆಕೆ ಉಪಯೋಗದ ಒಂದು ಗಿಡವನ್ನೂ ತೋರಿಸಲಿಲ್ಲ. ನೇರ ಪಾಯ್ಸನ್ ಐವಿ ಮುಂದೆ ನಿಲ್ಲಿಸಿದಳು. ಒಂದು ತೊಟ್ಟಿಗೆ ಮೂರು ಎಲೆ, ನಡುವಿನದಕ್ಕೆ ಉದ್ದ ತೊಟ್ಟು, ಮರ ಹತ್ತಿದ ಬಳ್ಳಿಗೆ ಕಂಬಳಿಹುಳುವಿನಂಥ ರೋಮ. "ಲೀವ್ಸ್ ಆಫ್ ತ್ರೀ, ಲೆಟ್ ಇಟ್ ಬಿ" ಎಂದು ಮಕ್ಕಳ ಥರ ನಮ್ಮೆಲ್ಲರ ಬಾಯಲ್ಲೂ ಹೇಳಿಸಿದಳು. ಎಣ್ಣೆಯಂಥ ಅದರ ರಸ ತಗುಲಿದರೆ ಚರ್ಮ ಬೊಬ್ಬೆ ಏಳುತ್ತದೆ. ಆ ಎಣ್ಣೆಯ ಹೆಸರು ಉರುಶಿಯಾಲ್ ಅಂದಾಗ ನನಗೆ ತಟ್ಟನೆ ಗೇರುಬೀಜದ ಸಿಪ್ಪೆ ನೆನಪಾಯಿತು. ಸುಟ್ಟ ಗೇರುಬೀಜ ಒಡೆಯುವಾಗ ಸೊನೆ ತಾಗಿ ತುಟಿ ಊದಿಸಿಕೊಳ್ಳದ ಮಲೆನಾಡಿನ ಹುಡುಗ ಯಾರು? ಎರಡೂ ಒಂದೇ ಕುಟುಂಬದ ಗಿಡಗಳು, ಮಾವು ಕೂಡ ಅದೇ ಕುಟುಂಬ.

ನಂತರದ ಎರಡು ಗಂಟೆಯಲ್ಲಿ ಆಕೆ ತೋರಿಸಿದ್ದು ಹತ್ತೋ ಹನ್ನೆರಡೋ ಗಿಡ, ಅಷ್ಟೇ. ಸ್ಯಾಸಫ್ರಾಸ್ ಮರದ ಕೆಳಗೆ ನಿಲ್ಲಿಸಿ, ಹೆಸರು ಹೇಳದೆ, ಬಿದ್ದ ಎಲೆಗಳನ್ನು ಆರಿಸಿ ಬೇರೆ ಬೇರೆ ಗುಂಪು ಮಾಡಿ ಅಂದಳು. ನಾವು ಮೂರು ಗುಂಪು ಮಾಡಿದೆವು: ಒಂದು ಮೊಟ್ಟೆಯಾಕಾರ, ಒಂದು ಹೆಬ್ಬೆರಳಷ್ಟೇ ಬೇರೆಯಾಗಿರುವ ಕೈಗವಸಿನ ಹಾಗೆ, ಒಂದು ಮೂರು ಬೆರಳಿನದು. ಮೂರು ಮರದ್ದು ಅಂದೆವು. ಒಂದೇ ಮರ. ಆ ಮರದ ಎಲೆ ಹಾಗೇ, ಒಂದೇ ಕೊಂಬೆಯಲ್ಲಿ ಮೂರು ಅಚ್ಚು. ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ, ಯಾಕೆಂದರೆ ಅಲ್ಲಿ ನಾನು ಬೆಪ್ಪಾದೆ. ಬೋರ್ಡಿನ ಮುಂದೆ ಯಾರೂ ಬೆಪ್ಪಾಗುವುದಿಲ್ಲ, ಅದೇ ಬೋರ್ಡಿನ ತೊಂದರೆ.

ಆದರೆ ಈ ನಡಿಗೆಯಲ್ಲಿ ಒಂದು ತಮಾಷೆ ಇತ್ತು. ತಿನ್ನಬಹುದಾದ ಗಿಡ ತೋರಿಸುತ್ತಾಳೆ, ರುಚಿ ವರ್ಣಿಸುತ್ತಾಳೆ, ಕೊನೆಗೆ "ಇಲ್ಲಿ ಮಾತ್ರ ಕೀಳಬೇಡಿ" ಅನ್ನುತ್ತಾಳೆ. ನ್ಯೂಯಾರ್ಕ್ ನಗರದ ಪಾರ್ಕುಗಳಲ್ಲಿ ಗಿಡ ಕೀಳುವುದು ಕಾನೂನಿಗೆ ವಿರುದ್ಧ. 1986ರ ಮಾರ್ಚಿನಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಸ್ಟೀವ್ ಬ್ರಿಲ್ ಎಂಬಾತ ಜನರನ್ನು ಕಟ್ಟಿಕೊಂಡು ಕಾಡುಸೊಪ್ಪು ತೋರಿಸುತ್ತಿದ್ದಾಗ, ಗಂಡ ಹೆಂಡತಿಯ ವೇಷದಲ್ಲಿ ಸೇರಿಕೊಂಡಿದ್ದ ಇಬ್ಬರು ಪಾರ್ಕ್ ರೇಂಜರುಗಳು ಆತನನ್ನು ಹಿಡಿಸಿದರು. ಅಪರಾಧ ಏನೆಂದರೆ ದಂಡೇಲಿಯನ್ ಕಿತ್ತು ತಿಂದದ್ದು. ದಂಡೇಲಿಯನ್ ಅಂದರೆ ಇಲ್ಲಿ ಪ್ರತಿ ಮನೆಯ ಹುಲ್ಲುಹಾಸಿನಲ್ಲೂ ಬೇಡವೆಂದರೂ ಬರುವ ಹಳದಿ ಹೂವಿನ ಕಳೆ, ನಿರ್ಮೂಲ ಮಾಡಲು ಜನ ದುಡ್ಡು ಕೊಟ್ಟು ವಿಷ ಹೊಡೆಸುತ್ತಾರೆ. ಕೈಕೋಳ ಹಾಕಿದ ಸುದ್ದಿ ದೇಶವಿಡೀ ನಗೆಪಾಟಲಾಯಿತು. ಬ್ರಿಲ್ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಪತ್ರಕರ್ತರಿಗೆ ಕಾಡುಸೊಪ್ಪಿನ ಸಲಾಡ್ ಹಂಚಿದ. ಕೊನೆಗೆ ನಗರವೇ ಕೇಸು ಕೈಬಿಟ್ಟು, ಅದೇ ಪಾರ್ಕಿನಲ್ಲಿ ಅದೇ ನಡಿಗೆ ನಡೆಸಲು ಆತನನ್ನು ಕೆಲಸಕ್ಕೆ ಇಟ್ಟುಕೊಂಡಿತು. ಕಾನೂನು ಮಾತ್ರ ಹಾಗೇ ಉಳಿಯಿತು.

ಅದು ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ, 2016ರಲ್ಲಿ ಮೇರಿ ಮ್ಯಾಟಿಂಗ್ಲಿ ಎಂಬ ಕಲಾವಿದೆ ಒಂದು ದೋಣಿಯ ಮೇಲೆ ಹಣ್ಣಿನ ಗಿಡ, ಸೊಪ್ಪು, ಮೂಲಿಕೆ ಬೆಳೆದು ನದಿಯಲ್ಲಿ ತೇಲಿಬಿಟ್ಟಳು. ನಗರದ ನೆಲದ ಮೇಲೆ ಕೀಳಬಾರದು ತಾನೆ, ನೀರಿನ ಮೇಲೆ ಬನ್ನಿ, ಬಿಟ್ಟಿಯಾಗಿ ಕಿತ್ತುಕೊಳ್ಳಿ ಎಂಬ ಲೆಕ್ಕ. ಸ್ವೇಲ್ ಎಂದು ಅದರ ಹೆಸರು. ಮರುವರ್ಷ ಬ್ರಾಂಕ್ಸಿನ ಒಂದು ಹಳೆಯ ಕಾಂಕ್ರೀಟ್ ಕಾರ್ಖಾನೆಯ ಜಾಗದಲ್ಲಿ ಎದ್ದಿದ್ದ ಪಾರ್ಕಿನಲ್ಲಿ, ಆಗ ನೆಲದ ಮೇಲೆಯೇ, ಜನ ಕಿತ್ತುಕೊಂಡು ಹೋಗಬಹುದಾದ ತೋಟ ಶುರುವಾಯಿತು. ಎಂಬತ್ತು ಲಕ್ಷ ಜನರ ಊರಿನಲ್ಲಿ ಆಳಿಗೊಂದು ಎಲೆ ಕಿತ್ತರೂ ಏನೂ ಉಳಿಯುವುದಿಲ್ಲ ಎಂಬ ಭಯ ಸುಳ್ಳಲ್ಲ, ಸುಲಿದ ಹೊಳೆಮತ್ತಿಯನ್ನು ನಾನೇ ನೋಡಿದ್ದೇನೆ. ಆದರೆ ಎಲ್ಲೂ ಮುಟ್ಟಬೇಡಿ ಅನ್ನುವುದಕ್ಕೂ, ಇಲ್ಲಿ ಮುಟ್ಟಿ ಅಲ್ಲಿ ಬೇಡ ಅನ್ನುವುದಕ್ಕೂ ವ್ಯತ್ಯಾಸ ಇದೆ.

ಮುಟ್ಟಿ ಎಂದು ಹೇಳುವ ಒಂದು ಜಾಗವನ್ನು ನಾನು ಮತ್ತೆ ಮತ್ತೆ ನೋಡಲು ಹೋಗುತ್ತೇನೆ. ಬ್ರೂಕ್ಲಿನ್ ಬೊಟಾನಿಕ್ ಗಾರ್ಡನ್ನಿನ ಸುವಾಸನೆಯ ತೋಟ. 1955ರಲ್ಲಿ ಕಣ್ಣು ಕಾಣದವರಿಗೆಂದು ಆಲಿಸ್ ಐರಿಸ್ ಎಂಬ ವಿನ್ಯಾಸಕಿ ಮಾಡಿದ್ದು. ಮಡಿಗಳು ಸೊಂಟದೆತ್ತರಕ್ಕೆ ಇವೆ, ಬಗ್ಗಬೇಕಿಲ್ಲ, ಗಾಲಿಕುರ್ಚಿಯಲ್ಲಿ ಕೂತವರಿಗೂ ಕೈ ಎಟುಕುತ್ತದೆ. ಹೆಸರು ಬ್ರೈಲ್‌ನಲ್ಲಿದೆ. ಉಜ್ಜಿ, ಮೂಸಿ ಎಂದು ಕರೆಯುವ ಗಿಡಗಳು ಅಲ್ಲಿ. ಕಣ್ಣು ಕಾಣುವವರು ಅಲ್ಲಿಗೆ ಬಂದು ತಾವಾಗಿಯೇ ಕಣ್ಣು ಮುಚ್ಚಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಮ್ಮ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಗೆ ತಕ್ಕ ತೋಟ ಅದೊಂದೇ.

ಅಮ್ಮ ಒಂದು ಬೇಸಿಗೆ ಇಲ್ಲಿಗೇ ಬಂದಳು, ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಬಂದ ವಾರವೇ ಪಾರ್ಕಿನಲ್ಲಿ ಒಂದು ಘಟನೆ. ಬೇಲಿ ಬದಿಯಲ್ಲಿ ಕೊರಿಯಾದ ಅಜ್ಜಿಯೊಬ್ಬಳು ಪ್ಲಾಸ್ಟಿಕ್ ಚೀಲ ಹಿಡಿದು, ಅತ್ತಿತ್ತ ನೋಡುತ್ತ, ಯಾವುದೋ ಚಿಗುರು ಚಿವುಟುತ್ತಿದ್ದಳು. ಅಮ್ಮ ನೇರ ಹೋಗಿ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಒಂದು ಎಲೆ ತಿರುವಿ ನೋಡಿದಳು, ಕೆಳಮೈ ಬೂದಿ ಬಳಿದ ಹಾಗೆ ಬೆಳ್ಳಗಿತ್ತು. ಉಜ್ಜಿದಳು, ಮೂಸಿದಳು, ನನ್ನ ಕಡೆ ತಿರುಗಿ "ಮಾಚಿಪತ್ರೆ ಕಣೋ" ಅಂದಳು. ಆ ಅಜ್ಜಿ "ಸ್ಸುಕ್, ಸ್ಸುಕ್" ಅಂದಳು, ಅಕ್ಕಿ ಹಿಟ್ಟು ನಾದಿ ಕಡುಬಿನಂಥದ್ದು ತಟ್ಟುವ ಅಭಿನಯ ಮಾಡಿದಳು. ಅಮ್ಮ ಎರಡು ಕೈಯಿಂದ ಸೊಂಡಿಲು ಬರೆದು ಗಣಪತಿಗೆ ಏರಿಸುವ ಅಭಿನಯ ಮಾಡಿದಳು. ಇಬ್ಬರಿಗೂ ಏನು ತಿಳಿಯಿತೋ, ಹತ್ತು ನಿಮಿಷ ನಕ್ಕರು. ಇಂಗ್ಲಿಷಿನಲ್ಲಿ ಅದು ಮಗ್‌ವರ್ಟ್, ನಮ್ಮ ದವನಕ್ಕೂ ಮಾಚಿಪತ್ರೆಗೂ ದಾಯಾದಿ. ಇಲ್ಲಿನ ಪಾರ್ಕಿನವರಿಗೆ ಅದು ಶುದ್ಧ ಪೀಡೆ, ವರ್ಷವಿಡೀ ಕಿತ್ತು ಎಸೆಯುತ್ತಾರೆ. ಅಜ್ಜಿ ಒಂದು ಹಿಡಿ ಚಿವುಟಿದರೆ ಮಾತ್ರ ತಪ್ಪು.

ಜುಲೈನಲ್ಲಿ ಕಾಲುದಾರಿಯ ಸಿಮೆಂಟಿನ ಬಿರುಕಿನಲ್ಲಿ ಗೋಣಿ ಸೊಪ್ಪು ಬಂತು. ನನ್ನ ಹೆಂಡತಿ ಕೋಲಾರದವಳು, ಬೆರಕೆ ಸೊಪ್ಪಿನ ಸಾರು ಅಂದರೆ ಪ್ರಾಣ. ಮೊದಲ ಮಳೆ ಬಿದ್ದ ರಾಗಿ ಹೊಲದಲ್ಲಿ ಅಜ್ಜಿಯ ಹಿಂದೆ ಮಡಿಲು ಕಟ್ಟಿಕೊಂಡು ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿ ಎಲ್ಲ ಆರಿಸಿದವಳು. ಅತ್ತೆ ಸೊಸೆ ಇಬ್ಬರೂ ಒಂದೇ ಬಿರುಕಿನ ಮೇಲೆ ಬಗ್ಗಿದರು. ಅಲ್ಲೇ ಪಕ್ಕದಲ್ಲಿ, ನೆಲಕ್ಕೆ ಅಂಟಿಕೊಂಡು, ಅದೇ ಥರ ಕೆಂಪು ದಂಟಿನ ಇನ್ನೊಂದು ಗಿಡ. ನನ್ನ ಕಣ್ಣಿಗೆ ಎರಡೂ ಒಂದೇ. ಅಮ್ಮ ನನ್ನ ಏಳು ವರ್ಷದ ಮಗಳ ಕೈಗೆ ಎರಡೂ ಕೊಟ್ಟು "ಮುರಿ" ಅಂದಳು. ಮಗಳು ಒಂದನ್ನು ಮುರಿದಳು, ದಪ್ಪ ದಂಟು ಟಕ್ ಅಂದು ನೀರು ಒಸರಿತು. ಇನ್ನೊಂದು ತಂತಿಯ ಹಾಗೆ ತೆಳ್ಳಗೆ, ಮುರಿದ ಜಾಗದಲ್ಲಿ ಬಿಳಿ ಹಾಲಿನ ಹನಿ. "ನೀರು ಬಂದ್ರೆ ಸಾರಿಗೆ, ಹಾಲು ಬಂದ್ರೆ ದೂರಕ್ಕೆ. ಇವೆರಡಕ್ಕೆ ಮಾತ್ರ ಈ ಲೆಕ್ಕ, ಎಲ್ಲಕ್ಕೂ ಅಲ್ಲ" ಅಂದಳು ಅಮ್ಮ. ಹಾಲಿನದು ಸ್ಪರ್ಜ್ ಎಂಬ ಜಾತಿ, ತಿನ್ನುವಂಥದ್ದಲ್ಲ. ಮಗಳಿಗೆ ಈಗ ಹನ್ನೊಂದು, ಕನ್ನಡ ಓದಲು ಬರುವುದಿಲ್ಲ, ಆದರೆ ಗೋಣಿ ಸೊಪ್ಪು ಗೊತ್ತು. ಅವತ್ತು ಒಬ್ಬ ಸಮವಸ್ತ್ರದವನು ಬಂದು ನಮಗೆ ಗದರಿಸಿ ಹೋದ ಎಂಬುದನ್ನೂ ಹೇಳಿಬಿಡುತ್ತೇನೆ. ನಾಯಿ ಉಚ್ಚೆ, ಕಳೆನಾಶಕ, ಹಳೆಯ ಸೀಸದ ಮಣ್ಣು ಎಂದೆಲ್ಲ ಅವನು ಹೇಳಿದ ಕಾರಣಗಳು ಸರಿಯಾಗಿಯೇ ಇದ್ದವು. ನಾವು ಸೊಪ್ಪನ್ನು ಅಲ್ಲೇ ಬಿಟ್ಟು, ಭಾರತೀಯ ಅಂಗಡಿಯಲ್ಲಿ ಪಾಲಕ್ ಕೊಂಡು ಬಂದೆವು.

ಹಾಗಾದರೆ ನಮ್ಮಲ್ಲಿ ಕಲಿಸುವ ಕ್ರಮವೇ ಇರಲಿಲ್ಲವೇ? ಇತ್ತಲ್ಲ, ಪಾರ್ಕಿನ ಹೊರಗೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆ ದಿನ ಸೂರ್ಯ ಹುಟ್ಟುವ ಮುಂಚೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡುತ್ತಾರೆ, ಕಬ್ಬಿಣ ತಾಗಿಸಬಾರದು. ಕತ್ತಲಲ್ಲಿ ಹೋಗಬೇಕು ಅನ್ನುವುದನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಗೊತ್ತಿದ್ದವರ ಮನೆಗಳಲ್ಲಿ ಹಿಂದಿನ ದಿನ ಹಗಲು ಬೆಳಕಿನಲ್ಲೇ ಹೋಗಿ ಮರ ಗುರುತು ಮಾಡಿ ಬರುವ ರೂಢಿ ಇತ್ತು ಎಂದು ಮಂಗಳೂರಿನ ನನ್ನ ಗೆಳೆಯ ಹೇಳುತ್ತಾನೆ. ಅಲ್ಲಿರುವುದೇ ಪಾಠ. ಹಾಲೆಗೆ ಒಂದೇ ಗಿಣ್ಣಿನಲ್ಲಿ ಸುತ್ತಲೂ ಏಳೆಂಟು ಎಲೆ, ಗಾಯ ಮಾಡಿದರೆ ಹಾಲು. ಅದೇ ಗುಡ್ಡದಲ್ಲಿ ಬೆಳೆಯುವ ಕಾಸರಕಕ್ಕೆ ಎಲೆ ಜೋಡಿ ಜೋಡಿ, ಹಾಲಿಲ್ಲ, ಬೀಜದಲ್ಲಿ ಸ್ಟ್ರಿಕ್ನಿನ್ ವಿಷ. ಕತ್ತಲಲ್ಲಿ ಎರಡರ ಬೊಡ್ಡೆಯೂ ಬರೀ ಬೊಡ್ಡೆ. ತಪ್ಪು ತೊಗಟೆಯ ಕಷಾಯ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಆಗಾಗ ಬರುವುದು ಈ ಹಗಲಿನ ಭೇಟಿ ಬಿಟ್ಟುಹೋದದ್ದರಿಂದ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟರ ಮದ್ದುಸೊಪ್ಪಾದರೆ ಪಾಪ, ತಾನೇ ಸಾಕ್ಷಿ ಹೇಳುತ್ತದೆ. ನೀರಲ್ಲಿ ಕುದಿಸಿದರೆ ನೇರಳೆ ಬಣ್ಣ ಬಿಡುತ್ತದೆ, ಪಾಯಸ ತಿಂದವರಿಗೆ ಮರುದಿನ ಮೂತ್ರ ಕೆಂಪಗೆ.

ಗಣಪತಿಯ ಇಪ್ಪತ್ತೊಂದು ಪತ್ರೆಯೂ ಒಂದು ಗುರುತಿನ ಪಾಠವೇ ಇದ್ದಿರಬೇಕು ಎಂದು ನನಗೆ ಬಲವಾದ ಗುಮಾನಿ. ಬಿಲ್ವ, ಗರಿಕೆ, ಉತ್ತರಾಣಿ, ಎಕ್ಕ, ಲಕ್ಕಿ, ಬನ್ನಿ, ಜೊತೆಗೆ ದತ್ತೂರಿ ಕೂಡ. ವಿಷದ ಗಿಡವನ್ನೂ ಪಟ್ಟಿಯಲ್ಲಿ ಸೇರಿಸಿ, ಹುಡುಗರನ್ನು ಬೆಳಗ್ಗೆ ಹುಡುಕಲು ಅಟ್ಟಿ, ತಂದದ್ದು ತಪ್ಪಾದರೆ ಅಜ್ಜ ವಾಪಸು ಕಳಿಸುವುದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಯಾವ ಪಾರ್ಕಿನಲ್ಲಿದೆ? ಈಗ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ 'ಪತ್ರೆ' ಎಂದು ಕಟ್ಟು ಮಾರುತ್ತಾರೆ. ಅದರಲ್ಲಿ ಏಳೋ ಎಂಟೋ ಥರ ಎಲೆ, ಉಳಿದದ್ದು ಬೇಲಿ.

ನಮ್ಮ ಉದ್ಯಾನಗಳಿಗೆ ಜ್ಞಾನದ ಕೊರತೆ ಎಂದು ನಾನು ಒಪ್ಪುವುದಿಲ್ಲ. ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ, ನ್ಯೂಯಾರ್ಕಿಗೆ ಸೆಂಟ್ರಲ್ ಪಾರ್ಕ್ ಎಂಬ ಯೋಚನೆ ಬರುವುದಕ್ಕೆ ಸುಮಾರು ನೂರು ವರ್ಷ ಮುಂಚೆ. 1993ರಿಂದ ಮೂಲಿಕೆಗಳ ಬಗ್ಗೆಯೇ ಕೆಲಸ ಮಾಡುತ್ತಿರುವ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಸಂಸ್ಥೆ ಯಲಹಂಕದ ಹತ್ತಿರ ಇದೆ, ಅಲ್ಲಿ ಒಣಗಿಸಿ ಅಂಟಿಸಿದ ಗಿಡಗಳ ದೊಡ್ಡ ಸಂಗ್ರಹವೇ ಇದೆ. ಕೊರತೆ ಇರುವುದು ಬೋರ್ಡು ಬರೆಯುವವನಿಗೂ ಸೊಪ್ಪು ಕೀಳುವವಳಿಗೂ ನಡುವೆ. ಬೋರ್ಡು ಬರೆಯುವವನು 'ಯಾವ ರೋಗಕ್ಕೆ' ಎಂದು ಯೋಚಿಸುತ್ತಾನೆ. ಸೊಪ್ಪು ಕೀಳುವವಳು 'ಯಾವುದು ಇದರ ಹಾಗೆ ಕಂಡೂ ಇದಲ್ಲ' ಎಂದು ಯೋಚಿಸುತ್ತಾಳೆ.

ಅಮೃತಬಳ್ಳಿಯನ್ನೇ ತೆಗೆದುಕೊಳ್ಳಿ. ಕೊರೋನಾ ಹೊತ್ತಿನಲ್ಲಿ ಪಾರ್ಕಿನ ಬೇಲಿಗಳಲ್ಲಿದ್ದ ಬಳ್ಳಿಯೆಲ್ಲ ಕಷಾಯಕ್ಕೆ ಹೋಯಿತು. ಮುಂಬೈಯಲ್ಲಿ ಕೆಲವರಿಗೆ ಯಕೃತ್ತು ಕೆಟ್ಟ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ, 2021ರಲ್ಲಿ ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅವರು ಬಳಸಿದ್ದು ಅಮೃತಬಳ್ಳಿಯೋ ಅದರ ಹಾಗೇ ಕಾಣುವ ಟೈನೋಸ್ಪೋರಾ ಕ್ರಿಸ್ಪಾ ಎಂಬ ಬಳ್ಳಿಯೋ ಎಂಬ ಪ್ರಶ್ನೆ ಎತ್ತಿತು. ಗುರುತೂ ಹೇಳಿತು: ಕ್ರಿಸ್ಪಾದ ದಂಟಿನ ಮೇಲೆ ಹಾಗಲಕಾಯಿಯ ಹಾಗೆ ಗಂಟು ಗಂಟು, ಕೊಯ್ದರೆ ಹಾಲಿನಂಥ ರಸ, ಅಮೃತಬಳ್ಳಿಗೆ ಆ ಗಂಟೂ ಇಲ್ಲ, ಹಾಲೂ ಇಲ್ಲ. ಎರಡಕ್ಕೂ ಎಲೆ ಹೃದಯದಾಕಾರ. ಎಷ್ಟು ಪಾರ್ಕುಗಳ ಬೋರ್ಡಿಗೆ ಈ ಎರಡು ಸಾಲು ಬಂದಿವೆ? ನಾನು ನೋಡಿದ ಎಲ್ಲ ಬೋರ್ಡಿನಲ್ಲೂ 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ' ಎಂದಷ್ಟೇ ಇದೆ.

ನನ್ನ ಕೈಗೆ ಒಂದು ಪಾರ್ಕು ಕೊಟ್ಟರೆ ಮೊದಲು ರೋಗಗಳ ಪಟ್ಟಿಗೆ ಬಣ್ಣ ಬಳಿಸುತ್ತೇನೆ. ಆ ಜಾಗದಲ್ಲಿ ಗಿಡದ ಜೊತೆಗೆ ಅದರ ಸೋಗಲಾಡಿ ನೆಂಟನ ಚಿತ್ರ ಹಾಕಿಸುತ್ತೇನೆ, ಸಾಧ್ಯವಾದರೆ ನೆಂಟನನ್ನೇ ಪಕ್ಕದ ಮಡಿಯಲ್ಲಿ ಬೆಳೆಸುತ್ತೇನೆ. ಒಂದು ಮಡಿ ಸೊಂಟದೆತ್ತರ, ಅಲ್ಲಿ ದೊಡ್ಡಪತ್ರೆ, ದವನ, ಮಜ್ಜಿಗೆಹುಲ್ಲು, ತುಂಬೆ. ಕೀಳಿ, ಹಿಚುಕಿ, ಖಾಲಿಯಾದರೆ ಮತ್ತೆ ನೆಡೋಣ. ಹೆಸರಿನಲ್ಲಿ ಊರೂರಿನ ಮಾತು ಇರಲಿ. ಒಂದೆಲಗ, ತಿಮರೆ, ಬ್ರಾಹ್ಮಿ ಎಲ್ಲ ಒಂದೇ ಗಿಡಕ್ಕೆ ಅನ್ನುತ್ತಾರೆ, ನೀರುಬ್ರಾಹ್ಮಿ ಮಾತ್ರ ಬೇರೆ ಗಿಡ ಎಂದು ಯಾರಾದರೂ ಹೇಳಬೇಕಲ್ಲ. ಕ್ಯೂಆರ್ ಕೋಡ್ ಅಂಟಿಸುವ ಹುಮ್ಮಸ್ಸು ಈಚೆಗೆ ಎಲ್ಲೆಡೆ ಇದೆ, ಇಲ್ಲೂ ಅಲ್ಲೂ. ಅದು ಗಿಡದ ಕಡೆಯಿಂದ ಫೋನಿನ ಕಡೆ ತಲೆ ತಿರುಗಿಸುವ ಉಪಾಯ, ಇನ್ನೇನಲ್ಲ. ಗಿಡ ಗುರುತಿಸುವ ಆ್ಯಪ್‌ಗಳನ್ನು ನಾನೂ ಬಳಸುತ್ತೇನೆ, ಕುಟುಂಬದವರೆಗೆ ಚೆನ್ನಾಗಿ ಕರೆದೊಯ್ಯುತ್ತವೆ. ಆದರೆ ಅವು ಮೂಸುವುದಿಲ್ಲ, ಮುರಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಸಂಬಳ ಕೊಟ್ಟು ಹೆಂಗಸರನ್ನು ಕರೆಸಬೇಕು. ಸಂಬಳ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಇಲ್ಲಿ ಬೋರ್ಡುಗಳಲ್ಲಿ 'ಮೂಲನಿವಾಸಿಗಳು ಇದನ್ನು ಬಳಸುತ್ತಿದ್ದರು' ಎಂದು ಬರೆದಿರುತ್ತದೆ, ಯಾವಾಗಲೂ ಭೂತಕಾಲ, ಅವರು ಈಗ ಎಲ್ಲೂ ಇಲ್ಲವೇನೋ ಎಂಬಂತೆ. ನಮ್ಮಲ್ಲಿ ಬಲ್ಲವರು ವರ್ತಮಾನಕಾಲದಲ್ಲಿ ಇದ್ದಾರೆ, ಪಾರ್ಕಿನಲ್ಲೇ ಇದ್ದಾರೆ, ಕಸ ಗುಡಿಸುತ್ತಿದ್ದಾರೆ.

ಆ ಉದ್ಯಾನದಲ್ಲಿ ಆದದ್ದೇ ಅದು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಶೌಚಾಲಯದ ಹಿಂದಿನ ಒಂದೆಲಗದ ಹತ್ತಿರ ಅಮ್ಮ ಬಗ್ಗುತ್ತಿದ್ದಂತೆ ಕಾವಲುಗಾರ ದೂರದಿಂದ ಸೀಟಿ ಊದಿದ. ಅಮ್ಮ ಕಿವಿಗೊಡಲಿಲ್ಲ. ಅಷ್ಟರಲ್ಲಿ ಮಡಿಗಳ ಹತ್ತಿರ ಗುಡಿಸುತ್ತಿದ್ದಾಕೆ ಪೊರಕೆ ಒರಗಿಸಿ ಬಂದು, "ಅದು ತಗೋಬೇಡಿ ಅಮ್ಮ, ಪೈಪಿನ ನೀರು ಗಲೀಜು" ಅಂದಳು. "ಪಂಪ್‌ಹೌಸ್ ಹಿಂದೆ ಒಳ್ಳೇದೈತೆ, ಅಲ್ಲಿದ್ದು ನಾನು ವಾರಕ್ಕೊಂದಪ ಒಯ್ತೀನಿ."

ಬೋರ್ಡಿನ ಹತ್ತಿರ ಇರುವುದು ಕಾಂಗ್ರೆಸ್ ಗಿಡ ಅಲ್ಲವೇ, ಯಾರಿಗಾದರೂ ಹೇಳಬಾರದಿತ್ತೇ ಎಂದು ನಾನು ಕೇಳಿದೆ.

ಆಕೆ ಬೋರ್ಡಿನ ಕಡೆ ನೋಡಿದಳು. "ಅದ್ರಲ್ಲಿ ಏನು ಬರ್ದೈತೆ ಅಂತ ನನಗೆ ಓದಕ್ಕೆ ಬರಲ್ಲ ಸಾರ್," ಅಂದು, ಅಮ್ಮನನ್ನು ಕರೆದುಕೊಂಡು ಪಂಪ್‌ಹೌಸ್ ಕಡೆ ಹೊರಟಳು.